ಗೇರುಹಣ್ಣಿನ ಪಾನಕ: ಒಗರು ಕಳೆದು, ಹುಳಿಯಲು ಬಿಡದೆ ಮನೆಯಲ್ಲೇ ಮಾಡುವ ಕ್ರಮ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಕಿವಿಗೆ ಎರಡು ದೂರುಗಳು ತಪ್ಪದೆ ಬೀಳುತ್ತವೆ. ‘ಗೇರುಹಣ್ಣಿನ ರಸ ಹಿಂಡಿ ಕುಡಿದೆ, ಗಂಟಲು ಕೆರೆದು ರಾತ್ರಿಯೆಲ್ಲ ಕೆಮ್ಮಿದೆ’ ಎಂಬುದು ಮೊದಲನೆಯದು. ‘ಬೆಳಿಗ್ಗೆ ಮಾಡಿಟ್ಟ ರಸಕ್ಕೆ ಸಂಜೆಯ ಹೊತ್ತಿಗೆ ಕಳ್ಳಿನ ವಾಸನೆ ಬಂತು, ಅಷ್ಟನ್ನೂ ಚೆಲ್ಲಿದೆ’ ಎಂಬುದು ಎರಡನೆಯದು. ಹೀಗೆ ಒಮ್ಮೆ ಸೋತವರು ಮರುವರ್ಷ ಬೀಜವನ್ನಷ್ಟೇ ತಿರುಚಿಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಟ್ಟುಬರುತ್ತಾರೆ. ಒಂದು ಬೀಜದ ಹಿಂದೆ ಅದರ ಐದರಿಂದ ಹತ್ತು ಪಟ್ಟು ತೂಕದ ಹಣ್ಣು ಇರುತ್ತದೆ. ಪುತ್ತೂರು, ಸುಳ್ಯ, ಕಾರ್ಕಳ, ಕುಮಟಾ ಕಡೆಯ ಗುಡ್ಡಗಳಲ್ಲಿ, ಅತ್ತ ಚಿಂತಾಮಣಿ, ಶ್ರೀನಿವಾಸಪುರದ ಗೋಡಂಬಿ ತೋಪುಗಳಲ್ಲಿ ಅದು ಕೊಳೆಯುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೋತವರನ್ನು ಕೂರಿಸಿಕೊಂಡು ವಿಚಾರಿಸಿದರೆ ತಪ್ಪು ಅಳತೆಯಲ್ಲಿರುವುದಿಲ್ಲ, ಹೊತ್ತಿನಲ್ಲಿರುತ್ತದೆ. ಹಣ್ಣು ಮರದಿಂದ ಇಳಿದ ಮೇಲೆ ಗಡಿಬಿಡಿ ಮಾಡಬೇಕು. ಅಲ್ಲಿ ಬುಟ್ಟಿಯನ್ನು ಜಗಲಿಯಲ್ಲಿಟ್ಟು ಊಟ, ನಿದ್ದೆ ಮುಗಿಸುತ್ತೇವೆ. ರಸ ಹಿಂಡಿದ ಮೇಲೆ ಒಂದು ರಾತ್ರಿ ಕಾಯಬೇಕು. ಅಲ್ಲಿ ಲೋಟ ಹಿಡಿದು ನಿಂತಿರುತ್ತೇವೆ. ಕೆಳಗಿನ ಕ್ರಮದಲ್ಲಿ ಒಂದು ಹಂತವನ್ನೂ ಹಿಂದುಮುಂದು ಮಾಡಬೇಡಿ. ಮೊದಲ ಬಾರಿಗೆ ಮಾಡುವವರು ಐದು ಕಿಲೋ ಹಣ್ಣಿಗಿಂತ ಹೆಚ್ಚು ಹಿಡಿಯಲೇಬೇಡಿ. ಕೈಯಲ್ಲಿ ಹಿಂಡಿದರೆ ಅಷ್ಟರಲ್ಲಿ ಎರಡೂವರೆ ಲೀಟರ್‌ನಷ್ಟು ರಸ ಸಿಗುತ್ತದೆ. ಕಲಿಯಲು ಅಷ್ಟು ಸಾಕು.

ಹೊತ್ತಿನ ಲೆಕ್ಕ

ನಮ್ಮ ಮನೆಯಲ್ಲಿ ನಡೆಯುವ ಕ್ರಮ ಇದು. ಬೆಳಿಗ್ಗೆ ಆರೂವರೆಗೆ ಹಣ್ಣು ಕೊಯ್ಲು. ಎಂಟಕ್ಕೆ ಬೀಜ ಬೇರೆ, ಹಣ್ಣು ಬೇರೆ. ಒಂಬತ್ತಕ್ಕೆ ತೊಳೆದು ಕತ್ತರಿಸುವುದು. ಹತ್ತೂವರೆಯೊಳಗೆ ಹಿಂಡಿ ಮುಗಿಯಬೇಕು. ಹನ್ನೊಂದಕ್ಕೆ ಒಗರು ಇಳಿಸುವ ಸಾಬಕ್ಕಿಯ ಅಂಟು ಬೆರೆಸಿ ಫ್ರಿಜ್ ಒಳಗೆ. ಅಲ್ಲಿಂದ ಮರುದಿನ ಬೆಳಿಗ್ಗೆವರೆಗೆ ಪಾತ್ರೆಯನ್ನು ಅಲುಗಾಡಿಸುವಂತಿಲ್ಲ. ಮರುದಿನ ಏಳಕ್ಕೆ ತಿಳಿ ಬಸಿದು, ಎಂಟಕ್ಕೆ ಕಾಯಿಸುವುದು ಅಥವಾ ಫ್ರೀಜರ್‌ಗೆ ಹಾಕುವುದು.

ಹೀಗಾಗಿ ಹಣ್ಣು ಕೊಯ್ಯುವ ಹಿಂದಿನ ರಾತ್ರಿಯೇ ಪಾತ್ರೆ, ಬಟ್ಟೆ, ಬಾಟಲಿ ಎಲ್ಲವೂ ತೊಳೆದು ಸಿದ್ಧವಾಗಿರಬೇಕು. ಸಾಬಕ್ಕಿಯನ್ನು ಪುಡಿ ಮಾಡಿಟ್ಟಿರಬೇಕು. ಫ್ರಿಜ್‌ನಲ್ಲಿ ದೊಡ್ಡ ಪಾತ್ರೆ ಹಿಡಿಯುವಷ್ಟು ಜಾಗ ಮಾಡಿರಬೇಕು. ರಸ ಹಿಂಡಿ ಆದ ಮೇಲೆ ಫ್ರಿಜ್ ಖಾಲಿ ಮಾಡಲು ಹೊರಟರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ, ಏಪ್ರಿಲ್‌ನ ಸೆಕೆಯಲ್ಲಿ ಆ ಒಂದು ಗಂಟೆ ಬಹಳ ದುಬಾರಿ.

ಬೇಕಾದ ಸಾಮಾನು, ಬೇಡದ ಸಾಮಾನು

ಎರಡು ದೊಡ್ಡ ಸ್ಟೀಲ್ ಪಾತ್ರೆ, ಸ್ಟೀಲ್ ಚೂರಿ, ಸ್ಟೀಲ್ ಸೌಟು ಅಥವಾ ಮರದ ಸೌಟು, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಅಳತೆಯ ಗೆರೆಯಿರುವ ಲೋಟ. ಹಿಂಡಲು ಎರಡು ತೆಳುವಾದ ಹತ್ತಿಬಟ್ಟೆ; ಹಳೆಯ ಬಿಳಿ ಪಂಚೆಯ ತುಂಡಾದರೂ ಸರಿ, ಆದರೆ ಸಾಬೂನಿನ ವಾಸನೆ ಉಳಿಯದಂತೆ ನೀರಿನಲ್ಲಿ ಕುದಿಸಿ ಒಣಗಿಸಿರಬೇಕು. ತಿಳಿ ಬಸಿಯಲು ಒಂದು ಮೀಟರ್ ಉದ್ದದ ಹೊಸ, ತೆಳು ಪೈಪು. ಕೈಗವಸು. ಗಾಜಿನ ಬಾಟಲಿಗಳು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದವರಿಗೆ ದಾರಿಯನ್ನು ಮುಂದೆ ಹೇಳುತ್ತೇನೆ.

ಕಬ್ಬಿಣದ ಕತ್ತಿ, ಮೆಟ್ಟುಕತ್ತಿ, ಕಬ್ಬಿಣದ ಬಾಣಲೆ ಹತ್ತಿರ ಸುಳಿಯಬಾರದು. ಗೇರುಹಣ್ಣಿನ ಒಗರಿಗೆ ಕಾರಣ ಟ್ಯಾನಿನ್. ಅದು ಕಬ್ಬಿಣಕ್ಕೆ ತಾಗಿದ ಕೂಡಲೇ ರಸ ಕಪ್ಪಿಡುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಬೇಡ. ತಾಮ್ರ ತಾಗಿದರೆ ಸಿ ಜೀವಸತ್ವ ಬೇಗ ನಾಶವಾಗುತ್ತದೆ, ಹುಳಿಗೆ ಲೋಹವೂ ಕರಗುತ್ತದೆ. ಇದೇ ಕಾರಣಕ್ಕೆ ಅಲ್ಯೂಮಿನಿಯಂ ಕೂಡ ಬೇಡ. ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ: ಈ ರಸದ ಕಲೆ ಹೋಗುವುದಿಲ್ಲ. ಹಳೆಯದನ್ನೇ ಉಟ್ಟುಕೊಳ್ಳಿ.

ಹಂತ 1: ಮರ ಮತ್ತು ಹಣ್ಣಿನ ಆಯ್ಕೆ

ಹೆಚ್ಚಿನವರು ಕೇಳುವುದು ಕೆಂಪು ಹಣ್ಣು ಒಳ್ಳೆಯದೋ, ಹಳದಿ ಒಳ್ಳೆಯದೋ ಎಂದು. ಬಣ್ಣ ನೋಡಿ ಆರಿಸಬೇಡಿ, ಮರ ನೋಡಿ ಆರಿಸಿ. ಒಂದೇ ಗುಡ್ಡದಲ್ಲಿ ಹತ್ತು ಮರವಿದ್ದರೆ ಒಗರು ಹತ್ತು ಬಗೆಯಾಗಿರುತ್ತದೆ, ಬೀಜದಿಂದ ಹುಟ್ಟಿದ ಹಳೆಯ ಮರಗಳಲ್ಲಂತೂ ಈ ವ್ಯತ್ಯಾಸ ಬಹಳ. ಹಂಗಾಮಿನ ಮೊದಲ ವಾರ ಪ್ರತಿ ಮರದ ಒಂದು ಹಣ್ಣಿನ ನಡುಭಾಗವನ್ನು ತೆಳುವಾಗಿ ಕೊಯ್ದು ಬಾಯಿಗೆ ಹಾಕಿಕೊಳ್ಳಿ. ನಾಲಿಗೆ ಒಣಗಿ ಹಿಡಿದಂತಾಗುವುದು ಎಲ್ಲದರಲ್ಲೂ ಸ್ವಲ್ಪ ಇದ್ದೇ ಇದೆ. ಅರ್ಧ ನಿಮಿಷದಲ್ಲಿ ಬಿಟ್ಟುಕೊಡುವ ಮರಕ್ಕೆ ಸುಣ್ಣದ ಗುರುತು ಹಾಕಿ. ಐದು ನಿಮಿಷ ಕಳೆದರೂ ಬಿಡದ ಮರವನ್ನು ಬೀಜಕ್ಕೆ ಮಾತ್ರ ಇಟ್ಟುಕೊಳ್ಳಿ.

ಹಣ್ಣು ಪೂರ್ತಿ ಬಣ್ಣ ತಿರುಗಿರಬೇಕು, ತೊಟ್ಟಿನ ಬಳಿ ಹಸಿರು ಉಳಿದಿರಬಾರದು. ಬಲಿಯದ ಹಣ್ಣಿನಲ್ಲಿ ಒಗರು ಹೆಚ್ಚು, ಸಿಹಿ ಕಡಿಮೆ. ಮೆಲ್ಲಗೆ ಅದುಮಿದರೆ ಬಗ್ಗಬೇಕು, ರಸ ಸೋರಬಾರದು.

ನೆಲಕ್ಕೆ ಬಿದ್ದದ್ದನ್ನು ಆರಿಸುವ ಅಭ್ಯಾಸವೇ ಅರ್ಧ ಸೋಲಿಗೆ ಕಾರಣ. ಬೀಜಕ್ಕೆ ಅದು ಸರಿ, ಬೀಜ ಬಲಿತು ತಾನಾಗಿ ಬೀಳುವವರೆಗೆ ಕಾಯಲೇಬೇಕು. ಆದರೆ ಬಿದ್ದ ಹಣ್ಣು ಜಜ್ಜಿಹೋಗಿರುತ್ತದೆ, ಜಜ್ಜಿದ ಕಡೆ ಒಂದೆರಡು ಗಂಟೆಯಲ್ಲಿ ಹುದುಗು ಶುರುವಾಗುತ್ತದೆ. ಗೋವಾದಲ್ಲಿ ಗೇರುಹಣ್ಣಿನ ಮದ್ಯವಾದ ಫೆನಿ ಮಾಡುವವರಿಗೆ ಬೇಕಾಗಿರುವುದೇ ಆ ಹುದುಗು, ನಮಗೆ ಅದು ಬೇಡ. ಮರದ ಕೆಳಗೆ ಹಳೆಯ ಸೀರೆ ಅಥವಾ ಬಲೆಯನ್ನು ನಾಲ್ಕು ಮೂಲೆಗೆ ಎತ್ತಿ ಕಟ್ಟಿ, ಬೆಳಗಿನ ಜಾವ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಕಳಿತದ್ದಷ್ಟೇ ಬೀಳುತ್ತದೆ. ಬುಟ್ಟಿಯಲ್ಲಿ ಎರಡು ಪದರಕ್ಕಿಂತ ಹೆಚ್ಚು ಪೇರಿಸಬೇಡಿ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ ಇದೆ. ಗುಡ್ಡದಲ್ಲಿ ಬೆಳೆದದ್ದು ಎಂದ ಮಾತ್ರಕ್ಕೆ ಹಣ್ಣು ವಿಷಮುಕ್ತ ಎಂದು ತಿಳಿಯಬೇಡಿ. ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟಕ್ಕೆ ಗೇರು ತೋಟಗಳಲ್ಲಿ ಚಿಗುರು ಬರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಕೀಟನಾಶಕ ಹೊಡೆಯುತ್ತಾರೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತೆಂದು ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, ಆದರೆ ಬೇರೆ ಔಷಧಗಳ ಸಿಂಪಡಣೆ ನಿಂತಿಲ್ಲ. ಬೇರೆಯವರ ತೋಟದ ಹಣ್ಣಾದರೆ ಕೊನೆಯ ಬಾರಿ ಯಾವಾಗ, ಏನು ಹೊಡೆದರು ಎಂದು ನೇರವಾಗಿ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಆ ಹಣ್ಣು ಬೇಡ. ತೊಳೆದರೆ ಹೋಗುತ್ತದೆ ಎಂದು ನಂಬಬೇಡಿ.

ಹಂತ 2: ಬೀಜ ಬೇರ್ಪಡಿಸುವುದು

ಬೀಜದ ಸಿಪ್ಪೆಯೊಳಗಿನ ಸೊನೆ ಚರ್ಮವನ್ನು ಸುಡುತ್ತದೆ, ಬೊಬ್ಬೆ ಏಳಿಸುತ್ತದೆ. ಅದರ ಒಂದು ಹನಿ ರಸಕ್ಕೆ ಸೇರಿದರೂ ಗಂಟಲು ಕೆರೆಯುತ್ತದೆ, ಆ ಕೆರೆತವನ್ನು ಮುಂದಿನ ಯಾವ ಹಂತವೂ ತೆಗೆಯುವುದಿಲ್ಲ. ಆದ್ದರಿಂದ ಚೂರಿಯಿಂದ ಬೀಜ ಕೊಯ್ಯಬೇಡಿ. ಗಟ್ಟಿ ನೂಲಿನ ದಾರವನ್ನು ಬೀಜ ಮತ್ತು ಹಣ್ಣು ಕೂಡುವ ಕಡೆ ಒಂದು ಸುತ್ತು ಹಾಕಿ ಎಳೆದರೆ ಬೀಜ ಶುಚಿಯಾಗಿ ಬಿಟ್ಟುಬರುತ್ತದೆ, ಹಣ್ಣೂ ಹರಿಯುವುದಿಲ್ಲ. ಕೈಯಲ್ಲಿ ತಿರುಚುವುದೂ ಆಗುತ್ತದೆ, ಅಭ್ಯಾಸ ಬೇಕು.

ಈ ಕೆಲಸ ಒಬ್ಬರು ಮಾಡಲಿ, ಮುಂದಿನದನ್ನು ಇನ್ನೊಬ್ಬರು ಮಾಡಲಿ. ಒಬ್ಬರೇ ಇದ್ದರೆ ಕೈಗವಸು ಬದಲಿಸಿ, ಸಾಬೂನಿನಿಂದ ಕೈ ತೊಳೆದೇ ಹಣ್ಣಿನ ಕಡೆ ಬನ್ನಿ. ಮಕ್ಕಳಿಗೆ ಈ ಕೆಲಸ ಕೊಡಬೇಡಿ, ಅವರು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ.

ಹಂತ 3: ತೊಳೆದು ಕತ್ತರಿಸುವುದು

ಮೂರು ಬಾರಿ ಹೊಸ ನೀರಿನಲ್ಲಿ ತೊಳೆಯಿರಿ. ನೆನೆಹಾಕಬೇಡಿ, ಸಿಪ್ಪೆ ತೆಳುವಾದ್ದರಿಂದ ಸಣ್ಣ ಸೀಳಿದ್ದರೂ ನೀರು ಒಳಗೆ ಹೋಗಿ ರಸ ಸಪ್ಪೆಯಾಗುತ್ತದೆ. ಒರೆಸಿ, ಬೀಜವಿದ್ದ ಕಡೆ ಅರ್ಧ ಇಂಚು, ತೊಟ್ಟಿನ ಕಡೆ ಕಾಲು ಇಂಚು ಕತ್ತರಿಸಿ ತೆಗೆಯಿರಿ. ಹಣ್ಣು ವ್ಯರ್ಥವಾಗುತ್ತದಲ್ಲ ಎಂದು ಮರುಗಬೇಡಿ. ಸೊನೆ ತಾಗಿರುವ ಸಾಧ್ಯತೆ ಹೆಚ್ಚಿರುವುದು ಬೀಜದ ಕಡೆಯ ಆ ಅರ್ಧ ಇಂಚಿನಲ್ಲೇ. ಕಪ್ಪು ಚುಕ್ಕೆ, ಹುಳು ಕೊರೆದ ತೂತು, ಮೆತ್ತಗಾದ ಭಾಗ ಇದ್ದರೆ ಇಡೀ ಹಣ್ಣನ್ನೇ ಬಿಡಿ. ಉಳಿದದ್ದನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ.

ಸಿಹಿ ಚೆನ್ನಾಗಿದ್ದು ಒಗರು ಮಾತ್ರ ಮಿತಿಮೀರಿದ ಮರವೊಂದೇ ನಿಮ್ಮ ಪಾಲಿಗಿದ್ದರೆ, ಕತ್ತರಿಸುವ ಮೊದಲು ಇಡೀ ಹಣ್ಣನ್ನು ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಹಬೆಗಿಡಬಹುದು. ಸಿಪ್ಪೆಯ ಮೇಣ ಬಿಡುತ್ತದೆ, ಒಗರೂ ಒಂದಿಷ್ಟು ಇಳಿಯುತ್ತದೆ. ಸಿ ಜೀವಸತ್ವವೂ ಕೊಂಚ ಹೋಗುತ್ತದೆ, ತಾಜಾ ಪರಿಮಳ ಬೆಂದ ವಾಸನೆಯತ್ತ ತಿರುಗುತ್ತದೆ. ಒಳ್ಳೆಯ ಮರವಿದ್ದವರು ಇದನ್ನು ಮಾಡಬೇಕಾಗಿಲ್ಲ.

ಹಂತ 4: ಹಿಂಡುವುದು

ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುವುದು ಎಲ್ಲರೂ ಮಾಡುವ ತಪ್ಪು. ನುಣ್ಣಗಾದಷ್ಟೂ ಸಿಪ್ಪೆಯ ಒಗರು ರಸಕ್ಕಿಳಿಯುತ್ತದೆ, ಗಾಳಿ ಸೇರಿ ನೊರೆಯೇಳುತ್ತದೆ, ಆ ಗಾಳಿಗೆ ಬಣ್ಣ ಕಂದುತ್ತದೆ. ಗೇರುಹಣ್ಣಿನಲ್ಲಿ ರಸ ಬಿಗಿಯಾಗಿ ಕೂತಿರುವುದಿಲ್ಲ, ಒತ್ತಿದರೆ ತಾನೇ ಇಳಿಯುತ್ತದೆ. ಹೋಳುಗಳನ್ನು ಮರದ ಸೌಟಿನಿಂದ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಇಬ್ಬರು ಎರಡು ಕಡೆ ಹಿಡಿದು ತಿರುಚಿ ಹಿಂಡಿ. ಮಿಕ್ಸಿಯೇ ಗತಿ ಎನ್ನುವವರು ಎರಡು ಸೆಕೆಂಡಿನಂತೆ ಮೂರು ಬಾರಿ ಮಾತ್ರ ತಿರುಗಿಸಿ ನಿಲ್ಲಿಸಿ.

ಕೊನೆಯ ಹನಿಯವರೆಗೂ ಹಿಂಡುವ ಆಸೆ ಬೇಡ. ಮೊದಲು ಸಲೀಸಾಗಿ ಇಳಿಯುವ ರಸ ಸಿಹಿ, ಕಡೆಯಲ್ಲಿ ಬಲವಂತದಿಂದ ಬರುವುದು ಒಗರು. ಕಿಲೋ ಹಣ್ಣಿಗೆ ಅರ್ಧ ಲೀಟರ್ ಬಂದರೆ ಅಲ್ಲಿಗೆ ನಿಲ್ಲಿಸಿ. ಎರಡನೆಯ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿ, ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿಬಿಡಿ. ಗೇರುಹಣ್ಣಿನ ರಸದಲ್ಲಿ ಸ್ವಂತ ಹುಳಿ ಕಡಿಮೆ. ನಿಂಬೆ ಬಿದ್ದರೆ ಬಣ್ಣ ನಿಲ್ಲುತ್ತದೆ, ಕೆಡಿಸುವ ಸೂಕ್ಷ್ಮಜೀವಿಗಳಿಗೂ ತಡೆಯಾಗುತ್ತದೆ.

ಹಂತ 5: ಒಗರು ತೆಗೆಯುವುದು

ಬಹುಪಾಲು ಮನೆಗಳಲ್ಲಿ ಕೆಲಸ ಕೈತಪ್ಪುವುದು ಇಲ್ಲಿ. ಒಗರು ಮುಚ್ಚಲೆಂದು ಸಕ್ಕರೆ ಸುರಿಯುತ್ತಾರೆ, ಉಪ್ಪು ಹಾಕುತ್ತಾರೆ. ಹಣ್ಣಿಗೆ ಉಪ್ಪು ಹಚ್ಚಿ ತಿಂದರೆ ನಾಲಿಗೆಗೆ ಒಗರು ತಿಳಿಯುವುದಿಲ್ಲ, ನಿಜ. ಟ್ಯಾನಿನ್ ಅಲ್ಲೇ ಇರುತ್ತದೆ, ಗಂಟಲಿಗೆ ಇಳಿದ ಮೇಲೆ ತನ್ನ ಕೆಲಸ ಮಾಡುತ್ತದೆ. ಅದು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ಅಂಟಿಕೊಳ್ಳಲು ಅದಕ್ಕೆ ಬೇರೇನನ್ನಾದರೂ ಪಾತ್ರೆಯಲ್ಲೇ ಕೊಟ್ಟು, ಎರಡನ್ನೂ ಒಟ್ಟಿಗೆ ತಳಕ್ಕೆ ಇಳಿಸಿಬಿಡುವುದು. ಹಾಗೆ ಕೊಡಬಹುದಾದ ಎರಡು ವಸ್ತು ಪ್ರತಿ ಅಡುಗೆಮನೆಯಲ್ಲೂ ಇವೆ, ಸಾಬಕ್ಕಿ ಮತ್ತು ಅಕ್ಕಿಗಂಜಿ.

ಸಾಬಕ್ಕಿಯ ಅಳತೆ ಲೀಟರ್ ರಸಕ್ಕೆ 5 ಗ್ರಾಂ. ಕಣ್ಣಂದಾಜು ಬೇಡ, ತೂಗಿ. ಪುಡಿಮಾಡಿದ ಸಾಬಕ್ಕಿಯನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬೇಯಿಸಿ. ಬಿಳಿ ಬಣ್ಣ ಪೂರ್ತಿ ಹೋಗಿ ಗಾಜಿನಂತೆ ಪಾರದರ್ಶಕ ಅಂಟಾಗಬೇಕು. ಒಂದು ಬಿಳಿ ಕಾಳು ಉಳಿದರೂ ಅದು ಬೆಂದಿಲ್ಲ, ಬೇಯದ ಹಿಟ್ಟು ಟ್ಯಾನಿನ್ ಹಿಡಿಯದೆ ರಸದಲ್ಲಿ ತೇಲಿಕೊಂಡಿರುತ್ತದೆ. ಅಂಟನ್ನು ಪೂರ್ತಿ ಆರಿಸಿ. ಬಿಸಿಯಾಗಿದ್ದಾಗಲೇ ಹಾಕಿದರೆ ಗಂಟು ಕಟ್ಟಿ ಮುಳುಗಿಹೋಗುತ್ತದೆ, ರಸ ಇದ್ದಂತೆಯೇ ಉಳಿಯುತ್ತದೆ.

ಆರಿದ ಅಂಟಿಗೆ ಮೊದಲು ಎರಡು ಸೌಟು ರಸ ಹಾಕಿ ಮಜ್ಜಿಗೆಯಷ್ಟು ತೆಳುವಾಗುವಂತೆ ಕದಡಿ. ಅನಂತರ ಅದನ್ನು ದೊಡ್ಡ ಪಾತ್ರೆಯ ರಸಕ್ಕೆ ಸಣ್ಣ ಧಾರೆಯಾಗಿ ಸುರಿಯುತ್ತ, ಒಂದೇ ದಿಕ್ಕಿನಲ್ಲಿ ಐದು ನಿಮಿಷ ನಿಧಾನವಾಗಿ ತಿರುಗಿಸಿ. ಮೊಸರು ಕಡೆದಂತೆ ಕಡೆಯಬೇಡಿ. ಮುಚ್ಚಿ ಬಿಡಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಕಳೆದು ನೋಡಿದರೆ ಹಾಲು ಒಡೆದಂತೆ ಸಣ್ಣ ಚೂರುಗಳು ಕಾಣಬೇಕು. ಅದು ಕಂಡಿತೆಂದರೆ ನಿಮ್ಮ ಕೆಲಸ ಸರಿಯಾಗಿದೆ ಎಂದರ್ಥ. ಆಮೇಲೆ ಪಾತ್ರೆಯನ್ನು ಫ್ರಿಜ್‌ಗೆ ಸೇರಿಸಿ, ಹನ್ನೆರಡು ಗಂಟೆ ಮುಟ್ಟಬೇಡಿ.

ಗಂಜಿಯಿಂದ ಮಾಡುವವರು ಉಪ್ಪು ಹಾಕದ, ಗಟ್ಟಿಯಾದ ಗಂಜಿನೀರನ್ನು ಸೋಸಿ, ತಣಿಸಿ, ಲೀಟರ್ ರಸಕ್ಕೆ 125 ಮಿಲಿಲೀಟರ್‌ನಂತೆ ಬೆರೆಸಬೇಕು. ಉಳಿದ ಕ್ರಮ ಒಂದೇ. ನಿನ್ನೆಯ ಗಂಜಿ ಖಂಡಿತ ಬೇಡ, ಅದರಲ್ಲಿ ಆಗಲೇ ಹುಳಿ ಹುಟ್ಟಿರುತ್ತದೆ. ಎರಡನ್ನೂ ಹಲವು ವರ್ಷ ಮಾಡಿ ನೋಡಿದ ನನಗೆ ಸಾಬಕ್ಕಿಯೇ ಹಿಡಿಸಿದೆ: ಗಂಜಿಯ ವಾಸನೆ ರಸಕ್ಕೆ ಬರುವುದಿಲ್ಲ, ಮಡ್ಡಿಯೂ ಬಿಗಿಯಾಗಿ ತಳ ಹಿಡಿಯುತ್ತದೆ. ಸಾಬಕ್ಕಿ ಸಿಗದ ಊರಿನಲ್ಲಿ ಗಂಜಿಯಿಂದಲೂ ಕೆಲಸ ಆಗುತ್ತದೆ.

ಫ್ರಿಜ್ ಇಲ್ಲದಿದ್ದರೆ, ಅಥವಾ ನಮ್ಮ ಕಡೆಯಂತೆ ಏಪ್ರಿಲ್‌ನ ಗುಡುಗುಮಳೆಗೆ ಕರೆಂಟು ಹೋಗಿ ಮರುದಿನವೇ ಬರುವಂತಿದ್ದರೆ, ಈ ಹಂತಕ್ಕೆ ಮೊದಲೇ ರಸವನ್ನು ಕುದಿ ಬರುವ ಮುಂಚಿನವರೆಗೆ ಕಾಯಿಸಿ, ಮುಚ್ಚಿ, ತಣ್ಣೀರಿನ ತೊಟ್ಟಿಯಲ್ಲಿಟ್ಟು ಆರಿಸಿ, ಆಮೇಲೆ ಅಂಟು ಬೆರೆಸಿ. ಮೂರು ನಾಲ್ಕು ಗಂಟೆಯಲ್ಲಿ ಇಳಿದಷ್ಟು ಇಳಿಯುತ್ತದೆ. ತಿಳಿ ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ರಸ ಹುಳಿಯುವುದಿಲ್ಲ. ಕಾಯಿಸದೆ ಹೊರಗೆ ಇಡೀ ರಾತ್ರಿ ಇಡುವ ಪ್ರಯೋಗವನ್ನು ಮಾತ್ರ ಮಾಡಬೇಡಿ.

ಹಂತ 6: ತಿಳಿ ಬಸಿಯುವುದು

ಬೆಳಿಗ್ಗೆ ಪಾತ್ರೆಯಲ್ಲಿ ಮೇಲೆ ತಿಳಿಹೊಂಬಣ್ಣದ ರಸ, ಕೆಳಗೆ ಎರಡು ಬೆರಳು ದಪ್ಪದ ಮಡ್ಡಿ ಇರುತ್ತದೆ. ಪಾತ್ರೆ ಬಗ್ಗಿಸಿ ಸುರಿದರೆ ಮಡ್ಡಿ ಎದ್ದು, ರಾತ್ರಿಯ ಕಾಯುವಿಕೆ ನೀರುಪಾಲಾಗುತ್ತದೆ. ಪಾತ್ರೆಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು, ಪೈಪಿನ ಒಂದು ತುದಿಯನ್ನು ಮಡ್ಡಿಗಿಂತ ಒಂದು ಇಂಚು ಮೇಲೆ ನಿಲ್ಲಿಸಿ, ಇನ್ನೊಂದು ತುದಿಯಿಂದ ಕೆಳಗಿನ ಪಾತ್ರೆಗೆ ಇಳಿಸಿ. ಬಾಯಿಂದ ಎಳೆಯಬೇಡಿ, ಪೈಪಿನೊಳಗೆ ಕುದಿಸಿ ಆರಿಸಿದ ನೀರು ತುಂಬಿಸಿ, ಎರಡೂ ತುದಿಗಳನ್ನು ಬೆರಳಿನಿಂದ ಮುಚ್ಚಿ, ಜಾಗಕ್ಕೆ ತಂದು ಬಿಟ್ಟರೆ ರಸ ತಾನೇ ಹರಿಯುತ್ತದೆ.

ಒಂದು ಚಮಚ ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಕಾಯಿರಿ. ಸಣ್ಣ ಒಗರು ಉಳಿದಿದ್ದರೆ ಅದು ಇರಲಿ, ಗೇರುಹಣ್ಣಿನ ಗುರುತು ಅದೇ. ನಾಲಿಗೆ ಇನ್ನೂ ಹಿಡಿಯುತ್ತಿದ್ದರೆ ಮಾತ್ರ ಅರ್ಧ ಅಳತೆಯ ಅಂಟಿನಿಂದ ಹಂತ 5ನ್ನು ಇನ್ನೊಮ್ಮೆ ಮಾಡಿ. ಮೊದಲ ಸಲವೇ ದುಪ್ಪಟ್ಟು ಸಾಬಕ್ಕಿ ಹಾಕುವುದು ಇದಕ್ಕೆ ಪರಿಹಾರವಲ್ಲ, ಹೆಚ್ಚಾದ ಹಿಟ್ಟು ರಸದಲ್ಲೇ ಉಳಿದು ಪಾನಕ ಲೋಳೆಯಾಗುತ್ತದೆ.

ಹಂತ 7: ಕುಡಿಯುವುದೋ, ಹೆಪ್ಪುಗಟ್ಟಿಸುವುದೋ, ಸಿರಪ್ ಮಾಡುವುದೋ

ಆರೋಗ್ಯಕ್ಕೆಂದು ಮಾಡುತ್ತಿದ್ದರೆ ತಾಜಾ ಕುಡಿಯುವುದೇ ಸರಿ. ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ನಾಲ್ಕೈದು ಪಟ್ಟು ಸಿ ಜೀವಸತ್ವ ಇದೆ, ಅದು ಬಿಸಿಗೂ ಗಾಳಿಗೂ ಕರಗುತ್ತ ಹೋಗುತ್ತದೆ. ಅರ್ಧ ಲೋಟ ತಿಳಿರಸ, ಅರ್ಧ ಲೋಟ ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ, ಜಜ್ಜಿದ ಶುಂಠಿಯ ನಾಲ್ಕು ಹನಿ. ಸಕ್ಕರೆ ಬೇಡ, ಹಣ್ಣಿನ ಸಿಹಿಯೇ ಸಾಕಾಗುತ್ತದೆ. ಬಸಿದ ರಸವನ್ನು ಫ್ರಿಜ್‌ನಲ್ಲಿಟ್ಟು ಅದೇ ದಿನ ಮುಗಿಸಿ.

ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಹಾಕಿ ಕಟ್ಟಿ. ಲೋಟಕ್ಕೆ ನಾಲ್ಕು ತುಂಡು ಹಾಕಿ ನೀರು ಸುರಿದರೆ ಪಾನಕ ಸಿದ್ಧ. ಇದಕ್ಕೂ ಸಕ್ಕರೆ ಬೇಕಿಲ್ಲ, ಕಾಯಿಸುವ ಕೆಲಸವೂ ಇಲ್ಲ. ಜಾಗವಿದ್ದವರು ಈ ದಾರಿಯನ್ನೇ ಹಿಡಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ದಿನಗಟ್ಟಲೆ ಕರೆಂಟು ಹೋಗುವ ಊರಾದರೆ ಸ್ವಲ್ಪ ಸ್ವಲ್ಪವೇ ಮಾಡಿಟ್ಟುಕೊಳ್ಳಿ.

ಸಿರಪ್ ಬೇಕೆಂದರೆ ಒಂದು ಲೀಟರ್ ತಿಳಿರಸಕ್ಕೆ ಒಂದೂವರೆ ಕಿಲೋ ಸಕ್ಕರೆ, 15 ಗ್ರಾಂ ಸಿಟ್ರಿಕ್ ಆಮ್ಲ. ರಸವನ್ನು ಕೈ ತಾಳದಷ್ಟು ಬಿಸಿ ಮಾಡಿ, ಒಲೆಯಿಂದ ಇಳಿಸಿ ಸಕ್ಕರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಮತ್ತೆ ಒಲೆಗೇರಿಸಿ 85ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಹಿಡಿದಿಡಿ. ಥರ್ಮಾಮೀಟರ್ ಇಲ್ಲದವರು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಲೇ ಉರಿ ತಗ್ಗಿಸಿ, ನಡುವೆ ಕೊತಕೊತ ಕುದಿಯಲು ಬಿಡಬೇಡಿ. ಮೇಲೆ ಬಂದ ನೊರೆಯನ್ನು ತೆಗೆದುಬಿಡಿ. ಸಿಟ್ರಿಕ್ ಆಮ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಕೊನೆಗೆ ಸೇರಿಸಿ. ಪಾಕ ಬರಲಿ ಎಂದು ಅರ್ಧ ಗಂಟೆ ಕುದಿಸುವವರ ಸಿರಪ್ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿ, ಹಣ್ಣಿನ ಪರಿಮಳವನ್ನು ಪೂರ್ತಿ ಕಳೆದುಕೊಂಡಿರುತ್ತದೆ. ಎಳೆಪಾಕದ ಅಗತ್ಯವೇ ಇಲ್ಲ, ಸಕ್ಕರೆಯ ಪ್ರಮಾಣವೇ ಸಾಕಷ್ಟಿದೆ.

ಈ ಸಿರಪ್‌ನ 30 ಮಿಲಿಲೀಟರ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ದಿನವಿಡೀ ಸೇರಿಸಿ ತಿನ್ನುವ ಸಕ್ಕರೆ ಅಷ್ಟಕ್ಕೆ ನಿಂತರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೆಂಟರು ಬಂದಾಗ ಕೊಡಲು ಇದು ಚೆನ್ನ, ದಿನನಿತ್ಯದ ಆರೋಗ್ಯಪೇಯ ಎಂದು ಇದನ್ನು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಂತ 8: ಬಾಟಲಿಗೆ ತುಂಬುವುದು

ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳು ಮುಳುಗುವಷ್ಟು ತಣ್ಣೀರು ತುಂಬಿ, ಅಲ್ಲಿಂದ ಬಿಸಿ ಮಾಡುತ್ತ ಬಂದು ಇಪ್ಪತ್ತು ನಿಮಿಷ ಕುದಿಸಿ. ಮುಚ್ಚಳಗಳನ್ನೂ ಕುದಿಸಿ. ಬಾಟಲಿ ಬಿಸಿಯಾಗಿರುವಾಗಲೇ ಬಿಸಿ ಸಿರಪ್ ತುಂಬಬೇಕು. ತಣ್ಣನೆಯ ಗಾಜಿಗೆ ಬಿಸಿ ಸುರಿದರೆ ಸೀಳುತ್ತದೆ. ಬಾಯಿಯಿಂದ ಅರ್ಧ ಇಂಚು ಬಿಟ್ಟು ಮುಚ್ಚಿ, ಬಟ್ಟೆಯಿಂದ ಹಿಡಿದು ಮೂರು ನಿಮಿಷ ತಲೆಕೆಳಗು ಮಾಡಿಡಿ. ಪ್ಲಾಸ್ಟಿಕ್ ಬಾಟಲಿ ಈ ಬಿಸಿಗೆ ಸೊಟ್ಟಗಾಗುತ್ತದೆ, ಬೇಡ. ಬೆಳಕು ಬೀಳದ ತಂಪು ಜಾಗದಲ್ಲಿ ಮೂರು ತಿಂಗಳು ಇಡಬಹುದು. ತೆರೆದದ್ದನ್ನು ಫ್ರಿಜ್‌ನಲ್ಲಿಟ್ಟು ತಿಂಗಳೊಳಗೆ ಮುಗಿಸಿ.

ಕೆಡದಂತೆ ಕಾಪಾಡುವ ಪುಡಿಯಾದ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಬೇಕೇ ಎಂದು ಕೇಳುವವರಿದ್ದಾರೆ. ಇಷ್ಟು ಸಕ್ಕರೆ, ಹುಳಿ, ಬಿಸಿ ಇರುವಾಗ ಮನೆಯ ಬಳಕೆಗೆ ಅದು ಬೇಕಿಲ್ಲ. ಆಸ್ತಮಾ ಇರುವ ಕೆಲವರಿಗೆ ಅದರಿಂದ ಉಸಿರು ಕಟ್ಟುತ್ತದೆ. ಹಾಕಲೇಬೇಕೆನ್ನುವವರು ಕಿಲೋ ಸಿರಪ್‌ಗೆ 0.6 ಗ್ರಾಂ ದಾಟಬಾರದು. ಅಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ಸರಿಯಾಗಿ ಬರುವುದಿಲ್ಲ, ಚಿಟಿಕೆಯ ಅಂದಾಜಿನಲ್ಲಿ ಹಾಕುವುದು ಅಪಾಯ.

ಕೆಟ್ಟಿದೆಯೇ ಎಂದು ತಿಳಿಯುವುದು

ಮುಚ್ಚಳ ಉಬ್ಬಿದ್ದರೆ, ತೆರೆಯುವಾಗ ಸೋಡಾದಂತೆ ಸದ್ದಾದರೆ, ತಳದಿಂದ ಗುಳ್ಳೆ ಏಳುತ್ತಿದ್ದರೆ ಒಳಗೆ ಹುದುಗು ನಡೆಯುತ್ತಿದೆ. ಅಂಥ ಗಾಜಿನ ಬಾಟಲಿ ಸಿಡಿಯಬಹುದು. ನಮ್ಮ ಮನೆಯಲ್ಲೇ ಒಮ್ಮೆ ಮೇ ತಿಂಗಳ ಮಧ್ಯಾಹ್ನ ಅಟ್ಟದ ಮೇಲೆ ಬಾಟಲಿ ಒಡೆದು ಗಾಜಿನ ಚೂರು ಅಡುಗೆಮನೆಯ ತುಂಬ ಹಾರಿತ್ತು. ಯಾರೂ ಅಲ್ಲಿ ಇರಲಿಲ್ಲ ಎಂಬುದೇ ಪುಣ್ಯ. ಉಬ್ಬಿದ್ದು ಕಂಡರೆ ಮುಖ ದೂರವಿಟ್ಟು, ದಪ್ಪ ಬಟ್ಟೆ ಸುತ್ತಿ, ಹೊರಗೆ ಒಯ್ದು ನಿಧಾನವಾಗಿ ತೆರೆದು ಚೆಲ್ಲಿ. ಮತ್ತೆ ಕುದಿಸಿ ಸರಿಪಡಿಸಲು ಹೋಗಬೇಡಿ.

ಮೇಲೆ ಬಿಳಿ ಕೆನೆ ಅಥವಾ ಬೂಸ್ಟು ಕಂಡರೆ ಅದನ್ನಷ್ಟೇ ತೆಗೆದು ಕುಡಿಯುವುದೂ ತಪ್ಪು, ಪೂರ್ತಿ ಚೆಲ್ಲಬೇಕು. ಬಣ್ಣ ತಿಂಗಳುಗಳಲ್ಲಿ ನಿಧಾನವಾಗಿ ಹೊನ್ನಿನಿಂದ ಕಂದಿಗೆ ತಿರುಗಿದರೆ ಅದು ಕೆಟ್ಟ ಲಕ್ಷಣವಲ್ಲ, ಗಾಳಿಯ ಪರಿಣಾಮ. ಒಂದೇ ದಿನದಲ್ಲಿ ಕಪ್ಪಿಟ್ಟರೆ ಎಲ್ಲೋ ಕಬ್ಬಿಣ ತಾಗಿದೆ, ಚೂರಿ, ಜರಡಿ, ಮುಚ್ಚಳದ ಒಳಗಿನ ತುಕ್ಕು ನೋಡಿ. ಬಾಟಲಿಯ ತಳದಲ್ಲಿ ತೆಳು ಮಡ್ಡಿ ಕೂತರೆ ಬಸಿಯುವಾಗ ಅವಸರವಾಗಿದೆ ಎಂದಷ್ಟೇ. ವಾಸನೆ ಸರಿಯಿದ್ದರೆ ತಿಳಿಯನ್ನು ಕುಡಿಯಬಹುದು.

ಯಾರು ಕುಡಿಯಬಾರದು

ಗೋಡಂಬಿ ತಿಂದರೆ ಅಲರ್ಜಿ ಆಗುವವರು ಇದನ್ನು ಮುಟ್ಟಬೇಡಿ. ಮಾವು ಗೇರಿನ ಕುಟುಂಬದ್ದೇ ಆದ್ದರಿಂದ ಮಾವಿನ ಸೊನೆಗೆ ಮೈ ಕೆಂಪಾಗುವವರೂ ಮೊದಲು ಒಂದು ಚಮಚ ಕುಡಿದು ಒಂದು ದಿನ ನೋಡಿ. ಮೂತ್ರಪಿಂಡದ ಕಲ್ಲು ಆದವರು ವೈದ್ಯರನ್ನು ಕೇಳಿ ಕುಡಿಯಬೇಕು, ಸಿ ಜೀವಸತ್ವ ಹೆಚ್ಚಾದರೆ ದೇಹದಲ್ಲಿ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಿರಪ್ ಬೇಡವೇ ಬೇಡ. ತಾಜಾ ರಸದಲ್ಲೂ ನೂರು ಮಿಲಿಲೀಟರಿಗೆ ಹತ್ತು ಗ್ರಾಂನಷ್ಟು ಹಣ್ಣಿನ ಸಕ್ಕರೆ ಇದೆ ಎಂಬ ಲೆಕ್ಕ ಇರಲಿ. ವರ್ಷ ತುಂಬದ ಮಗುವಿಗೆ ಕೊಡಬೇಡಿ.

ಹಿಂಡಿದ ಚರಟ ಮತ್ತು ಬಾಟಲಿಯ ಚೀಟಿ

ಚರಟವನ್ನು ಮನೆಯ ಹತ್ತಿರ ರಾಶಿ ಹಾಕಿದರೆ ಸಂಜೆಗೆ ನುಸಿ ಮುತ್ತುತ್ತದೆ, ಅದೇ ನುಸಿ ನಿಮ್ಮ ರಸದ ಪಾತ್ರೆಗೂ ಬರುತ್ತದೆ. ಅಂದೇ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಅಥವಾ ಬಿಸಿಲಿಗೆ ತೆಳುವಾಗಿ ಹರಡಿ ಗರಿಗರಿಯಾಗಿ ಒಣಗಿಸಿ ದನಗಳ ಹಿಂಡಿಯ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಿ. ಹಸಿಯಾಗಿ, ಹುಳಿತದ್ದನ್ನು ಕೊಟ್ಟರೆ ದನದ ಹೊಟ್ಟೆ ಕೆಡುತ್ತದೆ.

ಪ್ರತಿ ಬಾಟಲಿಗೂ, ಪ್ರತಿ ಫ್ರೀಜರ್ ಚೀಲಕ್ಕೂ ಚೀಟಿ ಅಂಟಿಸಿ. ದಿನಾಂಕದ ಜೊತೆ ಯಾವ ಮರದ ಹಣ್ಣು, ಸಾಬಕ್ಕಿಯೋ ಗಂಜಿಯೋ, ಒಂದು ಬಾರಿ ತಿಳಿ ಮಾಡಿದ್ದೋ ಎರಡು ಬಾರಿಯೋ ಎಂದೂ ಬರೆಯಿರಿ. ಜೂನ್‌ನಲ್ಲಿ ಯಾವ ಬಾಟಲಿ ಮೊದಲು ಖಾಲಿಯಾಯಿತೋ ಅದರ ಚೀಟಿಯನ್ನು ಕಿತ್ತು ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಮಳೆಗೆ ಮರದ ಸುಣ್ಣದ ಗುರುತು ಅಳಿಸಿಹೋಗಿರುತ್ತದೆ. ಬರುವ ಮಾರ್ಚ್‌ನಲ್ಲಿ ಸೀರೆ ಕಟ್ಟಬೇಕಾದ ಮರ ಯಾವುದೆಂದು ಆ ಚೀಟಿ ಹೇಳುತ್ತದೆ.